ಕುಂಟೆಬಿಲ್ಲೆ ಅಂಕಣಕ್ಕೆ ಬಂದ ಬೀ-ಬಾಟ್

ನಾಲ್ಕನೇ ತರಗತಿಗೆ ಕೋಡಿಂಗ್ ಶುರು ಮಾಡಿದಾಗ ನಮ್ಮಲ್ಲಿ ಇದ್ದದ್ದು ಒಂದೇ ಬೀ-ಬಾಟ್. ಹಳದಿ ಜೇನುಹುಳದಂಥ ಪುಟ್ಟ ರೋಬೋಟ್. ಪರದೆ ಇಲ್ಲ, ಬೆನ್ನ ಮೇಲೆ ಗುಂಡಿಗಳಷ್ಟೇ. ಒಂದು ಸಲ 'ಮುಂದೆ' ಒತ್ತಿದರೆ 15 ಸೆಂ.ಮೀ. ಹೋಗುತ್ತದೆ. ಜಾಮಿಟ್ರಿ ಬಾಕ್ಸ್‌ನ ಸ್ಕೇಲೂ ಅಷ್ಟೇ ಉದ್ದ! ಮಕ್ಕಳೇ ಆ ಸ್ಕೇಲ್ ಹಿಡಿದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆಗಳನ್ನು ಎಳೆದರು.

ಒಂದು ಮನೆಯಲ್ಲಿ ಮಾವಿನಹಣ್ಣಿನ ಚಿತ್ರ ಇಟ್ಟೆ. ಒಬ್ಬಳು ಮುಂದೆ, ಮುಂದೆ, ಬಲ ಒತ್ತಿ 'ಗೋ' ಕೊಟ್ಟಳು. ಬೀ-ಬಾಟ್ ಎರಡು ಮನೆ ಹೋಯಿತು, ಹಣ್ಣಿನ ಕಡೆ ತಿರುಗಿತು, ಅಲ್ಲೇ ನಿಂತಿತು.

"ಟೀಚರ್, ಇದು ಕೆಟ್ಟೋಗಿದೆ!"

ನಾನು ಉತ್ತರ ಹೇಳಲಿಲ್ಲ. ಎಲ್ಲರನ್ನೂ ಅಂಗಳಕ್ಕೆ ಕರೆದುಕೊಂಡು ಹೋಗಿ, ಕುಂಟೆಬಿಲ್ಲೆ ಆಡುವಷ್ಟು ದೊಡ್ಡ ಮನೆಗಳನ್ನು ಬರೆಸಿದೆ. "ಈಗ ನೀನೇ ಬೀ-ಬಾಟ್" ಅಂದೆ ಅವಳಿಗೆ. ಗೆಳತಿ ಬಾಣದ ಚೀಟಿಗಳನ್ನು ಒಂದೊಂದಾಗಿ ಓದಿದಳು. 'ಬಲ' ಅಂದಾಗ ಇವಳ ಕಾಲು ಪಕ್ಕದ ಮನೆಗೆ ಹಾರಿತು. ಹಿಂದಿನಿಂದ ಒಬ್ಬ ಕೂಗಿದ: "ತಿರುಗು ಅಂದ್ರೆ ಹೋಗು ಅಂತಲ್ಲ ಕಣೇ!" ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು. ನಿಂತಲ್ಲೇ ತಿರುಗಿದಳು. ಒಂದು ಕ್ಷಣ ಸುಮ್ಮನಿದ್ದು, "ಇನ್ನೊಂದು 'ಮುಂದೆ' ಬೇಕು" ಅಂದಳು.

ಅವತ್ತಿನಿಂದ ನನ್ನ ಕ್ರಮವೇ ಬದಲಾಯಿತು. ಮೊದಲು ಮೈ, ಆಮೇಲೆ ರೋಬೋಟ್. ಗಣಿತಜ್ಞ ಸೀಮೋರ್ ಪೇಪರ್ಟ್ ಮತ್ತು ಸಂಗಡಿಗರು 1967ರಲ್ಲಿ ಮಕ್ಕಳಿಗಾಗಿ ಲೋಗೋ ಅನ್ನುವ ಕಂಪ್ಯೂಟರ್ ಭಾಷೆ ಮಾಡಿದರು. ಆಮೇಲೆ ಅದಕ್ಕೆ ನೆಲದ ಮೇಲೆ ಓಡಾಡುವ ಆಮೆ ರೋಬೋಟ್ ಜೊತೆಯಾಯಿತು. ಮಗು ತಾನೇ ಆಮೆಯಾಗಿ ಯೋಚಿಸಲಿ ಅನ್ನುವುದು ಪೇಪರ್ಟ್ ಆಸೆ. ಅದನ್ನು ಓದಿದ್ದೆ, ನಮ್ಮ ಅಂಗಳದಲ್ಲಿ ಕಂಡೆ.

ಇನ್ನೊಂದು ತೊಡಕು ಜಾಸ್ತಿ ಕಾಡಿತು. ಬೀ-ಬಾಟ್ ಹಳೆಯ ಆಜ್ಞೆಗಳನ್ನು ಮರೆಯುವುದಿಲ್ಲ. ಅಳಿಸುವ ಗುಂಡಿ ಒತ್ತದಿದ್ದರೆ ಹಳೆಯದನ್ನೆಲ್ಲ ಮಾಡಿ, ಆಮೇಲೆ ಹೊಸದನ್ನು ಮಾಡುತ್ತದೆ. "ಸ್ಲೇಟು ಒರೆಸಿ ಬರೀಬೇಕು, ಅಲ್ವಾ?" ಅಂದೆ. ಆ ಮಾತು ನಾಟಿತು. ಒತ್ತುವ ಮೊದಲು ಸ್ಲೇಟಿನಲ್ಲಿ ಬಾಣ ಬರೆಯುವುದೂ ರೂಢಿಯಾಯಿತು. ಎಲ್ಲಿ ತಪ್ಪಿತು ಅಂತ ಬೆರಳಿಟ್ಟು ಹುಡುಕಲು ಅದು ಬೇಕೇ ಬೇಕು.

ಎರಡು ತಿಂಗಳಾದ ಮೇಲೆ ಕಂಪ್ಯೂಟರಿನಲ್ಲಿ ಸ್ಕ್ರಾಚ್ ತೆರೆದೆವು. ಅದರಲ್ಲಿ ಆಜ್ಞೆಗಳ ಬ್ಲಾಕ್ ಜೋಡಿಸಿ ಪರದೆಯ ಮೇಲಿನ ಬೆಕ್ಕನ್ನು ಆಡಿಸಬಹುದು. ತಿರುಗಿಸುವ ಬ್ಲಾಕ್ ಒತ್ತಿದರೆ ಬೆಕ್ಕು ಸ್ವಲ್ಪವೇ ವಾಲಿತು. ಆ ಬ್ಲಾಕ್‌ನಲ್ಲಿ ಮೊದಲೇ ಇರುವ ಸಂಖ್ಯೆ 15 ಡಿಗ್ರಿ. ಯಾರೂ ನನ್ನನ್ನು ಕೇಳಲಿಲ್ಲ. ಮಾವಿನಹಣ್ಣಿನ ಹುಡುಗಿ ಮತ್ತೆ ಮತ್ತೆ ಒತ್ತಿದಳು, ಕುರ್ಚಿಯಿಂದ ಎದ್ದು ಬೆಕ್ಕಿನ ಜೊತೆ ತಾನೂ ಸ್ವಲ್ಪ ಸ್ವಲ್ಪವೇ ತಿರುಗುತ್ತಾ ಎಣಿಸಿದಳು.

"ಟೀಚರ್, ಆರು ಸಲ ಒತ್ತಿದ್ರೆ ಬೀ-ಬಾಟ್ ಒಂದು ಸಲ ತಿರುಗಿದಷ್ಟು!"