500 ಡಿಗ್ರಿಯ ಕುಲುಮೆಯಲ್ಲಿ ಮಾಣಿಕ್ಯದ ಪುಡಿ

ನಮ್ಮ ವಿಶ್ವವಿದ್ಯಾಲಯದ ಪದಾರ್ಥ ವಿಜ್ಞಾನ ವಿಭಾಗದಲ್ಲಿ ಎಂ.ಎಸ್ಸಿ. ಪ್ರಯೋಗಾಲಯದ ಹೊಣೆ ನನಗೆ ಬಂದಾಗ, ವಿದ್ಯಾರ್ಥಿಗಳು ಬಾಟಲಿಯಲ್ಲಿ ಬಂದ ಸಿದ್ಧ ಪುಡಿಯನ್ನು ಎಕ್ಸ್‌ಆರ್‌ಡಿ (ಎಕ್ಸ್-ಕಿರಣಗಳಿಂದ ಸ್ಫಟಿಕ ರಚನೆ ತಿಳಿಸುವ) ಯಂತ್ರಕ್ಕಿಟ್ಟು, ಬಂದ ಗ್ರಾಫನ್ನು ರೆಕಾರ್ಡ್ ಪುಸ್ತಕಕ್ಕೆ ಅಂಟಿಸಿ ಕೈತೊಳೆದುಕೊಳ್ಳುತ್ತಿದ್ದರು. ಆ ಪುಡಿ ಹೇಗೆ ಹುಟ್ಟಿತೆಂಬುದು ಅವರಿಗೆ ತಿಳಿದಿರಲಿಲ್ಲ. ಹಾಗಾಗಿ ಗ್ರಾಫಿನ ಯಾವ ಗೆರೆಯೂ ಅವರಲ್ಲಿ ಪ್ರಶ್ನೆ ಎಬ್ಬಿಸುತ್ತಿರಲಿಲ್ಲ. ಪ್ರತಿ ಜೋಡಿ ವಿದ್ಯಾರ್ಥಿಗಳೂ ತಮ್ಮ ಸ್ಯಾಂಪಲ್ಲನ್ನು ತಾವೇ ತಯಾರಿಸಬೇಕೆಂದು ನಾನು ನಿರ್ಧರಿಸಿದ್ದು ಆಗಲೇ.

ಇದಕ್ಕೆ ಆರಿಸಿಕೊಂಡದ್ದು ದ್ರಾವಣ ದಹನ ವಿಧಾನ, ಅಂದರೆ ಲವಣ ಮತ್ತು ಇಂಧನದ ದ್ರಾವಣವನ್ನೇ ಹೊತ್ತಿಸಿ ಪುಡಿ ಪಡೆಯುವ ಬಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೆ. ಜೆ. ಕಿಂಗ್ಸ್‌ಲೆ ಮತ್ತು ಕೆ. ಸಿ. ಪಾಟೀಲರು ರೂಪಿಸಿ 1988ರಲ್ಲಿ ಪ್ರಕಟಿಸಿದ ಈ ವಿಧಾನಕ್ಕೆ ಒಂದು ಮಫಲ್ ಕುಲುಮೆ, ಅಗಲವಾದ ಬೋರೋಸಿಲಿಕೇಟ್ ಪಾತ್ರೆ ಮತ್ತು ಹೊಗೆ ಹೊರಗೆಳೆಯುವ ಹುಡ್ ಇದ್ದರೆ ಸಾಕು. 20 ಗ್ರಾಂ ಅಲ್ಯೂಮಿನಿಯಂ ನೈಟ್ರೇಟ್, 8 ಗ್ರಾಂ ಯೂರಿಯಾ, ಕರಗಿಸಲು ಬೇಕಾದಷ್ಟು ನೀರು. ಈ 8 ಗ್ರಾಂ ಎಲ್ಲಿಂದ ಬಂತೆಂಬುದನ್ನು ವಿದ್ಯಾರ್ಥಿಗಳೇ ಲೆಕ್ಕ ಹಾಕಬೇಕು: ನೈಟ್ರೇಟಿನ ಉತ್ಕರ್ಷಣ ಸಾಮರ್ಥ್ಯ (ಪಡೆಯುವ ಎಲೆಕ್ಟ್ರಾನ್‌ಗಳು) 15, ಇಂಧನವಾದ ಯೂರಿಯಾದ ಅಪಕರ್ಷಣ ಸಾಮರ್ಥ್ಯ (ಕೊಡುವ ಎಲೆಕ್ಟ್ರಾನ್‌ಗಳು) 6, ಆದ್ದರಿಂದ ಒಂದು ಮೋಲ್ ನೈಟ್ರೇಟಿಗೆ ಎರಡೂವರೆ ಮೋಲ್ ಯೂರಿಯಾ. ಪಾತ್ರೆಯನ್ನು 500 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಕುಲುಮೆಯಲ್ಲಿಟ್ಟರೆ ದ್ರಾವಣ ಕುದಿದು, ಗಟ್ಟಿಯಾಗಿ, ನೊರೆಯಂತೆ ಉಬ್ಬಿ, ಕೆಲವೇ ನಿಮಿಷಗಳಲ್ಲಿ ಕಣ್ಣು ಕೋರೈಸುವ ಜ್ವಾಲೆಯಾಗಿ ಹೊತ್ತಿಕೊಳ್ಳುತ್ತದೆ. ಸಾಮಾನ್ಯವಾಗಿ 1100 ಡಿಗ್ರಿಗಿಂತ ಹೆಚ್ಚು ಶಾಖ ಕೇಳುವ ಆಲ್ಫಾ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡಿನ ಸ್ಥಿರ ಸ್ಫಟಿಕ ರೂಪ), ಅದರ ಅರ್ಧಕ್ಕೂ ಕಡಿಮೆ ಬಿಸಿಯಿರುವ ಕುಲುಮೆಯಲ್ಲಿ ಹುಟ್ಟುವುದು ಈ ಜ್ವಾಲೆಯ ಬಲದಿಂದಲೇ. ಮೊದಲ ಸಲ ಇದನ್ನು ನೋಡಿದ ತಂಡದ ಮುಖಗಳು ನನಗೆ ಇಂದಿಗೂ ನೆನಪಿವೆ.

ಎಲ್ಲವೂ ಸುಗಮವಾಗಿರಲಿಲ್ಲ. ಜುಲೈ ತಿಂಗಳ ಮಳೆಯಲ್ಲಿ ಒಂದು ವಾರವಿಡೀ ಪಾತ್ರೆಗಳು ಹೊತ್ತಿಕೊಳ್ಳದೆ ಮಂದವಾಗಿ ಹೊಗೆಯಾಡಿ, ಬೂದು ಬಣ್ಣದ ಪುಡಿಯನ್ನಷ್ಟೇ ಉಳಿಸಿದವು. ಎಕ್ಸ್‌ಆರ್‌ಡಿಯಲ್ಲಿ ಚೂಪಾದ ಗೆರೆಗಳಿರಬೇಕಾದಲ್ಲಿ ಅಗಲವಾದ ದಿಬ್ಬವೊಂದೇ ಕಂಡಿತು. ಕುಲುಮೆಯ ಉಷ್ಣಮಾಪಕವನ್ನು ಸಂದೇಹಿಸಿ ಎರಡು ದಿನ ಕಳೆದೆ. ಕಡೆಗೆ ತಿಳಿದದ್ದೇನೆಂದರೆ, ಅಲ್ಯೂಮಿನಿಯಂ ನೈಟ್ರೇಟ್ ಗಾಳಿಯ ತೇವವನ್ನು ಹೀರಿಕೊಳ್ಳುವ ಲವಣವಾದ್ದರಿಂದ, ಮುಚ್ಚಳ ಸಡಿಲವಾಗಿದ್ದ ಬಾಟಲಿಯಿಂದ ನಾವು ತೂಗಿದ 20 ಗ್ರಾಂನಲ್ಲಿ ಒಂದು ಪಾಲು ನೀರೇ ಆಗಿತ್ತು, ಯೂರಿಯಾ ಹೆಚ್ಚಾಗಿತ್ತು. ಅಂದಿನಿಂದ ಬಾಟಲಿ ತೇವ ತಾಗದಂತೆ ಮುಚ್ಚಿಡುವ ಡೆಸಿಕೇಟರಿನಲ್ಲಿಯೇ ಇರುತ್ತದೆ, ತೂಗಿದ ಕೂಡಲೇ ಕರಗಿಸುವುದು ಕಡ್ಡಾಯ. ದಹನದ ವೇಳೆ ಕೆಂಗಂದು ಹೊಗೆ ಕಂಡರೆ ಅದು ನೈಟ್ರೋಜನ್ ಡೈಆಕ್ಸೈಡ್. ಹುಡ್ ಇಲ್ಲದ ಕೋಣೆಯಲ್ಲಿ ಈ ಪ್ರಯೋಗವನ್ನು ಯಾರೂ ಮಾಡಬಾರದು.

ಕಣದ ಗಾತ್ರದ ಲೆಕ್ಕದಲ್ಲಿ ಇನ್ನೊಂದು ತೊಡಕು ಪ್ರತಿ ವರ್ಷ ತಲೆಯೆತ್ತುತ್ತದೆ. ತಾಮ್ರದ ಎಕ್ಸ್-ಕಿರಣಕ್ಕೆ 35.15 ಡಿಗ್ರಿಯಲ್ಲಿ ಬರುವ ಗೆರೆಯ ಅಗಲ 0.25 ಡಿಗ್ರಿ ಎಂದಿಟ್ಟುಕೊಳ್ಳೋಣ. ಗೆರೆಯ ಅಗಲದಿಂದ ಸ್ಫಟಿಕದ ಗಾತ್ರ ಕೊಡುವ ಶೆರರ್ ಸೂತ್ರಕ್ಕೆ ಅದನ್ನು ರೇಡಿಯನ್ ಮಾಡದೆ ಹಾಕಿದರೆ 0.58 ನ್ಯಾನೋಮೀಟರ್ ಬರುತ್ತದೆ, ಆದರೆ ಅಲ್ಯೂಮಿನಾದ ಏಕಕೋಶದ (ಸ್ಫಟಿಕದಲ್ಲಿ ಮರುಕಳಿಸುವ ಚಿಕ್ಕ ಘಟಕದ) ಉದ್ದನೆಯ ಅಂಚೇ 1.3 ನ್ಯಾನೋಮೀಟರ್! ಕೋಶಕ್ಕಿಂತ ಚಿಕ್ಕ ಸ್ಫಟಿಕ ಇರಲಾರದೆಂದು ವಿದ್ಯಾರ್ಥಿ ತಾನೇ ಕಂಡುಕೊಳ್ಳುವವರೆಗೆ ನಾನು ಸುಮ್ಮನಿರುತ್ತೇನೆ. ರೇಡಿಯನ್‌ನಲ್ಲಿ ಅದೇ ಲೆಕ್ಕ 33 ನ್ಯಾನೋಮೀಟರ್ ಕೊಡುತ್ತದೆ. ಯಂತ್ರ ತಾನೇ ಸೇರಿಸುವ ಅಗಲವನ್ನು ಸಿಲಿಕಾನ್ ಪುಡಿಯಿಂದ ಅಳೆದು, ಅದು 0.10 ಡಿಗ್ರಿ ಬಂದರೆ, ತಿದ್ದಿದ ಗಾತ್ರ 36ಕ್ಕೆ ಏರುತ್ತದೆ. ಸಾಫ್ಟ್‌ವೇರ್ ಇದನ್ನೆಲ್ಲ ಒಂದು ಕ್ಲಿಕ್ಕಿನಲ್ಲಿ ಮಾಡುತ್ತದೆಂಬುದು ನಿಜವೇ, ಆದರೂ ಮೊದಲ ಸೆಮಿಸ್ಟರಿನಲ್ಲಿ ಕೈಲೆಕ್ಕವೇ ಆಗಬೇಕೆಂಬ ನನ್ನ ಹಟವನ್ನು ನಾನು ಬಿಟ್ಟಿಲ್ಲ.

ಮೂರನೆಯ ವರ್ಷ, ಅಲ್ಯೂಮಿನಿಯಂನ ನೂರಕ್ಕೆ ಅರ್ಧ ಪಾಲಿನ ಬದಲು ಕ್ರೋಮಿಯಂ ಹಾಕಿಸಿದೆ. ಕ್ರೋಮಿಯಂ ನೈಟ್ರೇಟಿನ ಸಾಮರ್ಥ್ಯವೂ 15 ಆದ್ದರಿಂದ ಯೂರಿಯಾ ಬದಲಿಸಬೇಕಿಲ್ಲ, ಆ ನೈಟ್ರೇಟ್ ಸುಮಾರು 0.1 ಗ್ರಾಂ ಸಾಕು. ಬಂದದ್ದು ತಿಳಿಗುಲಾಬಿ ಪುಡಿ, ಅಂದರೆ ಕ್ರೋಮಿಯಂ ಬೆರೆತ ಅಲ್ಯೂಮಿನಾವಾದ ಮಾಣಿಕ್ಯ. ಕತ್ತಲ ಕೋಣೆಯಲ್ಲಿ ನೇರಳೆ ಟಾರ್ಚ್ ಹಿಡಿದರೆ ಅದು 694 ನ್ಯಾನೋಮೀಟರ್ ಆಸುಪಾಸಿನ ಕಡುಗೆಂಪು ಬೆಳಕು ಸೂಸುತ್ತದೆ, 1960ರಲ್ಲಿ ಮೊದಲ ಲೇಸರ್ ಹೊಮ್ಮಿಸಿದ ಕೆಂಪು ಅದೇ. ಕ್ರೋಮಿಯಂ ಹೆಚ್ಚಿಸಿದರೆ ಹೊಳಪೂ ಹೆಚ್ಚುತ್ತದೆಯೇ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಉತ್ತರ ಹೇಳುವ ಬದಲು ಮರುವಾರ ಅವಳಿಗೆ ಕುಲುಮೆಯನ್ನು ಬಿಟ್ಟುಕೊಟ್ಟೆ. ನೂರಕ್ಕೆ ಐದು ಪಾಲು ಕ್ರೋಮಿಯಂ ಇದ್ದ ಪುಡಿಯ ಬಣ್ಣ ಗಾಢವಾಗಿತ್ತು, ಬೆಳಕು ಮಾತ್ರ ಅರ್ಧ ಪಾಲಿನದಕ್ಕಿಂತ ಮಂಕಾಗಿತ್ತು. ಕಾರಣ ಹುಡುಕುತ್ತ ಅವಳು ಆ ಸೆಮಿಸ್ಟರಿನ ಉಳಿದ ದಿನಗಳನ್ನು ಪ್ರಯೋಗಾಲಯದಲ್ಲೇ ಕಳೆದಳು.