ಚುಕ್ಕಿಯ ಮೂತಿ ಊದಿದ ದಿನ

ಚುಕ್ಕಿ ನಮ್ಮ ಮನೆಗೆ ಬಂದಾಗ ಅವಳಿಗೆ ಒಂದೂವರೆ ತಿಂಗಳು. ಬೀದಿನಾಯಿಯ ಮರಿ. ಅದಕ್ಕೂ ಮುಂಚೆ ಸಾಕಿದ್ದ ಮರಿ ಪಾರ್ವೋ ಅನ್ನೋ ವೈರಸ್ ರೋಗ ಬಂದು ಸತ್ತಿತ್ತು. ಲಸಿಕೆಯ ಒಂದು ಇಂಜೆಕ್ಷನ್ ಆಗಿದೆಯಲ್ಲ ಅಂತ ನಾನು ಅದನ್ನು ಬೀದಿಗೆ ಬಿಟ್ಟಿದ್ದೆ. ವಾಂತಿ, ರಕ್ತಭೇದಿ, ಮೂರೇ ದಿನ. ಹಾಗಾಗಿ ಚುಕ್ಕಿಯ ಲಸಿಕೆ ತಾರೀಕುಗಳನ್ನೆಲ್ಲ ಮೊದಲೇ ಅಡುಗೆಮನೆ ಕ್ಯಾಲೆಂಡರಿನಲ್ಲಿ ಬರೆದಿಟ್ಟೆ.

ಒಂದೇ ಸೂಜಿ ಯಾಕೆ ಸಾಲದು ಅಂತ ಡಾಕ್ಟ್ರು ಆಮೇಲೆ ಬಿಡಿಸಿ ಹೇಳಿದರು. ತಾಯಿಹಾಲಿನಿಂದ ಬಂದ ರಕ್ಷಣೆ ಮೈಯಲ್ಲಿ ಇರುವ ತನಕ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ಅದು ಯಾವ ಮರಿಗೆ ಯಾವಾಗ ಇಳಿಯುತ್ತದೋ ಹೇಳಲಾಗದು. ಅದಕ್ಕೇ 6–8 ವಾರಕ್ಕೆ ಶುರು ಮಾಡಿ, 3–4 ವಾರಕ್ಕೊಮ್ಮೆ, 16 ವಾರ ತುಂಬುವ ತನಕ ಹಾಕಿಸಬೇಕು. ಮೂರು ತಿಂಗಳಾದ ಮೇಲೆ ರೇಬಿಸ್ ಲಸಿಕೆ ಬೇರೆ.

ಮೊದಲ ಸಲ ಹೋಗುವ ಒಂದು ವಾರ ಮುಂಚೆ ಜಂತಿನ ಔಷಧಿ ಕುಡಿಸಿದ್ದೆ. ಡಾಕ್ಟ್ರು ಜ್ವರ ನೋಡಿ, ಫ್ರಿಜ್‌ನಿಂದ ಎರಡು ಪುಟ್ಟ ಸೀಸೆ ತೆಗೆದರು. ಒಂದರ ತಳದಲ್ಲಿ ಒಣಗಿದ ಬಿಳಿ ಬಿಲ್ಲೆ, ಇನ್ನೊಂದರಲ್ಲಿ ನೀರಿನಂಥ ದ್ರವ. ಆಗಲೇ ಬೆರೆಸಿ, ಕತ್ತಿನ ಹಿಂದಿನ ಸಡಿಲ ಚರ್ಮ ಎತ್ತಿ ಚುಚ್ಚಿದರು. ಚುಕ್ಕಿ ಒಮ್ಮೆ ಕುಂಯ್ ಅಂದಳು, ಅಷ್ಟೇ. ಸೀಸೆಯ ಚೀಟಿ ಕಿತ್ತು ಲಸಿಕೆ ಪುಸ್ತಕಕ್ಕೆ ಅಂಟಿಸಿದರು. ಆ ಚೀಟಿ ಇದೆಯೋ ಇಲ್ಲವೋ ನೀವೂ ನೋಡಿಕೊಳ್ಳಿ.

ಅವತ್ತು ಪೂರ್ತಿ ನಿದ್ದೆ. ಅನ್ನ ಅರ್ಧ ಬಿಟ್ಟಳು. ಮೈ ಸ್ವಲ್ಪ ಬೆಚ್ಚಗಿತ್ತು. ಮಾರನೇ ದಿನ ಮತ್ತೆ ಚಪ್ಪಲಿ ಕಚ್ಚಲು ಶುರು. ಚುಚ್ಚಿದ ಜಾಗದಲ್ಲಿ ಕಡಲೆಕಾಳಿನಷ್ಟು ಗಂಟಾಗಿತ್ತು, ಎರಡು ವಾರದಲ್ಲಿ ಕರಗಿತು. ಇಷ್ಟಕ್ಕೆ ಗಾಬರಿ ಬೇಡ.

ಗಾಬರಿಯಾಗಿದ್ದು ಎರಡನೇ ಸಲ. ಇಂಜೆಕ್ಷನ್ ಆದ ತಕ್ಷಣ ಸ್ಕೂಟರ್ ಹತ್ತಿ ಹೊರಟುಬಿಟ್ಟಿದ್ದೆ. ಮನೆ ಮುಟ್ಟುವಷ್ಟರಲ್ಲಿ ಮೂತಿ ಉಜ್ಜಿಕೊಳ್ಳುತ್ತಿದ್ದಳು. ನೋಡ್ತಾ ನೋಡ್ತಾ ತುಟಿ ದಪ್ಪಗಾಯಿತು, ಕಣ್ಣು ಸಣ್ಣಗಾಯಿತು, ಹೊಟ್ಟೆ ಮೇಲೆ ದದ್ದು ಎದ್ದವು. ಬಂದ ದಾರಿಯಲ್ಲೇ ವಾಪಸ್ ಓಡಿದೆ. ಡಾಕ್ಟ್ರು ಅಲರ್ಜಿಗೆ ಇಂಜೆಕ್ಷನ್ ಕೊಟ್ಟು ಅಲ್ಲೇ ಕೂರಿಸಿಕೊಂಡರು. ಸಂಜೆ ಹೊತ್ತಿಗೆ ಊತ ಇಳಿಯಿತು. "ಉಸಿರಾಡೋಕೆ ಕಷ್ಟಪಟ್ಟರೆ, ಮತ್ತೆ ಮತ್ತೆ ವಾಂತಿಯಾದರೆ, ವಸಡು ಬೆಳ್ಳಗಾದರೆ ಒಂದು ನಿಮಿಷವೂ ಕಾಯಬೇಡಿ" ಅಂದರು. ಪುಸ್ತಕದಲ್ಲಿ ಕೆಂಪು ಇಂಕಿನಲ್ಲಿ ಬರೆದೂ ಕೊಟ್ಟರು.

ಆವತ್ತಿನಿಂದ ಲಸಿಕೆ ಆದ ಮೇಲೆ ಕನಿಷ್ಠ ಅರ್ಧ ಗಂಟೆ ಆಸ್ಪತ್ರೆಯಲ್ಲೇ ಕೂರುತ್ತೇನೆ. ಬೆಳಿಗ್ಗೆ ಹೊತ್ತೇ ಹೋಗುತ್ತೇನೆ. ಸಂಜೆ ಹಾಕಿಸಿ ರಾತ್ರಿ ಏನಾದರೂ ಆದರೆ ನಮ್ಮೂರಿನಲ್ಲಿ ಡಾಕ್ಟ್ರು ಎಲ್ಲಿ ಸಿಗುತ್ತಾರೆ ಹೇಳಿ?

ಮೂರನೆಯದು ಬೇಡವೇ ಬೇಡ ಅಂತ ನಮ್ಮಮ್ಮ ಹಟ ಹಿಡಿದಿದ್ದರು. ನನಗೂ ಭಯವಿತ್ತು. ಆದರೆ ಪಾರ್ವೋ ಕಣ್ಣಾರೆ ಕಂಡವಳು ನಾನು. ಡಾಕ್ಟ್ರನ್ನು ಕೇಳಿದೆ. ಮೊದಲು ಅಲರ್ಜಿ ಔಷಧಿ ಕೊಟ್ಟು, ಆಮೇಲೆ ಲಸಿಕೆ ಹಾಕಿ, ಒಂದು ಗಂಟೆ ಕೂರಿಸಿದರು. ಹೊಂಗೆ ಮರದ ಕೆಳಗೆ ಐದೈದು ನಿಮಿಷಕ್ಕೂ ಅವಳ ತುಟಿ ಎತ್ತಿ ನೋಡಿದೆ. ವಸಡು ಗುಲಾಬಿ ಬಣ್ಣವೇ ಇತ್ತು. ಅವಳು ನನ್ನ ಪಾದದ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು.

ಎರಡು ವಾರ ಬಿಟ್ಟು, ಮೊದಲ ಸಲ ಅವಳಿಗಾಗಿ ಗೇಟು ತೆಗೆದೆ.