ಕಸ್ಟಮ್ ಕಾಂಟೆಸ್ಸಾದ ಬಾಲ್ ಜಾಯಿಂಟ್: ಪುಣೆಯಲ್ಲಿ ನಾನೇ ಬದಲಿಸಿದ್ದು

ಆರ್‌ಸಿಯಲ್ಲಿ ನನ್ನ ಗಾಡಿ ಹಿಂದುಸ್ತಾನ್ ಮೋಟರ್ಸ್ ಕಂಪನಿಯ ಹಳೆಯ ಕಾರು ಕಾಂಟೆಸ್ಸಾ. ಆದರೆ ಮುಂದಿನ ಎರಡು ಚಕ್ರಗಳ ಹತ್ತಿರ ಕಂಪನಿಯದು ಅಂತ ಉಳಿದಿರುವುದು ಬಹಳ ಕಡಿಮೆ. ಹಿಂದಿನ ಮಾಲೀಕರು ಗಾಡಿಯನ್ನು ತಗ್ಗಿಸಿ, ಅಗಲದ ಟೈರ್ ಹಾಕಿಸಿ, ಚಕ್ರವನ್ನು ಚಾಸಿಗೆ (ಗಾಡಿಯ ಚೌಕಟ್ಟಿಗೆ) ಜೋಡಿಸುವ ಮೇಲಿನ ಮತ್ತು ಕೆಳಗಿನ ಆರ್ಮ್‌ಗಳನ್ನು ಪೈಪಿನಲ್ಲಿ ಕಟ್ಟಿಸಿದ್ದರು. ಚಕ್ರವನ್ನು ಹೊತ್ತು ಸ್ಟೇರಿಂಗ್ ಜೊತೆ ತಿರುಗುವ ನಕಲ್ (knuckle) ಇನ್ನೊಂದು ಗಾಡಿಯದು. ಆರ್ಮಿಗೂ ನಕಲಿಗೂ ನಡುವಿನ ಗುಂಡು ಕೀಲೇ ಬಾಲ್ ಜಾಯಿಂಟ್. ಮೊದಲೇ 2002ರಲ್ಲಿ ತಯಾರಿಕೆ ನಿಂತ ಮಾಡೆಲ್. ಪುಣೆಯ ನಾನಾ ಪೇಠದ ಸ್ಪೇರ್ ಅಂಗಡಿಯಲ್ಲಿ ಗಾಡಿಯ ಹೆಸರು ಹೇಳಿ ಬಾಲ್ ಜಾಯಿಂಟ್ ತಂದರೂ ಅದು ಈ ಆರ್ಮಿಗೆ ಕೂರುವುದಿಲ್ಲ. ಇಂಥ ಗಾಡಿಗೆ ಅಳತೆ ಹಿಡಿದುಕೊಂಡೇ ಸ್ಪೇರ್ ಹುಡುಕಬೇಕು.

ಸ್ಪೀಡ್ ಬ್ರೇಕರ್ ಮೇಲೆ ಎಡಗಡೆ ಟಕ್ ಟಕ್ ಸದ್ದು, ಕಾತ್ರಜ್ ಘಾಟಿನ ತಿರುವಿನಲ್ಲಿ ಸ್ಟೇರಿಂಗ್ ಒಂದಿಷ್ಟು ತೇಲಿದಂತೆ, ಟೈರಿನ ಒಳಅಂಚು ಮಾತ್ರ ಸವೆತ. ತೊಂದರೆ ಬಾಲ್ ಜಾಯಿಂಟಿನದೇ ಎಂದು ಪರೀಕ್ಷಿಸುವಾಗ ಹೆಚ್ಚಿನವರು ಜಾಕನ್ನು ಚಾಸಿಗೆ ಕೊಡುತ್ತಾರೆ. ನನ್ನ ಗಾಡಿಯಂತೆ ಸ್ಪ್ರಿಂಗ್ ಕೆಳಗಿನ ಆರ್ಮ್ ಮೇಲೆ ಕೂತಿದ್ದರೆ ಹಾಗೆ ಮಾಡಿ ಉಪಯೋಗವಿಲ್ಲ: ಸ್ಪ್ರಿಂಗ್ ಒತ್ತುತ್ತಲೇ ಇರುವುದರಿಂದ ಜಾಯಿಂಟ್ ಬಿಗಿಯಾಗಿಯೇ ನಿಂತು ಪ್ಲೇ (ಸವೆತದಿಂದ ಬಂದ ಸಡಿಲ ಆಟ) ಬಚ್ಚಿಟ್ಟುಕೊಳ್ಳುತ್ತದೆ. ಜಾಕನ್ನು ಕೆಳಗಿನ ಆರ್ಮ್ ಅಡಿ, ಬಾಲ್ ಜಾಯಿಂಟಿಗೆ ಆದಷ್ಟು ಹತ್ತಿರ ಕೊಟ್ಟು ಎತ್ತಿ, ಟೈರ್ ಕೆಳಗೆ ಸಲಾಕೆ ತೂರಿಸಿ ಮೀಟಿದೆ. ಕೆಳಗಿನ ಜಾಯಿಂಟ್ ಕಣ್ಣಿಗೆ ಕಾಣುವಷ್ಟು ಮೇಲೆ ಕೆಳಗೆ ಆಡಿತು. ಚಕ್ರದ ಬೇರಿಂಗ್ ಇರಬಹುದೇ ಎಂದು ಮನೆಯವಳಿಂದ ಬ್ರೇಕ್ ತುಳಿಸಿ ಚಕ್ರ ಅಲ್ಲಾಡಿಸಿದೆ. ಬೇರಿಂಗಿನದಾಗಿದ್ದರೆ ಆಟ ನಿಲ್ಲಬೇಕಿತ್ತು, ನಿಲ್ಲಲಿಲ್ಲ.

ಬಿಚ್ಚುವಾಗ ಜೊತೆಗಿದ್ದವರು ಭೋಸರಿಯಲ್ಲಿ ಲೇತ್ ನಡೆಸುವ ವಿಜಯಪುರದ ಕಡೆಯ ಕಾಕಾ. ಶುರು ಮಾಡುವ ಮೊದಲು ಅವರು ಹೇಳಿದ್ದು ಇಷ್ಟೇ: "ತಮ್ಮಾ, ಸ್ಪ್ರಿಂಗ್ ಪೂರಾ ಸಡಲ ಆಗೂತನಕ ಆರ್ಮ್ ಬುಡಕಿಂದ ಜಾಕ್ ತಗೀಬ್ಯಾಡ." ಇದನ್ನು ನಾನೂ ಜೋರಾಗಿಯೇ ಹೇಳುತ್ತೇನೆ. ಕೆಳಗಿನ ನಟ್ ಬಿಚ್ಚಿದ ಮೇಲೆ ಆ ಸ್ಪ್ರಿಂಗನ್ನು ಹಿಡಿದಿರುವುದು ಜಾಕ್ ಒಂದೇ. ಅದು ಜಾರಿದರೆ ಆರ್ಮ್ ಕೆಳಗೆ ಬಡಿದು ಸ್ಪ್ರಿಂಗ್ ಹಾರುತ್ತದೆ, ಎದುರಿಗಿದ್ದವನ ಜೀವ ಹೋಗಬಹುದು. ಚಾಸಿ ಗಟ್ಟಿ ಸ್ಟ್ಯಾಂಡ್ ಮೇಲೆ, ಆರ್ಮ್ ಅಡಿ ಟ್ರಾಲಿ ಜಾಕ್, ಸ್ಪ್ರಿಂಗಿಗೆ ಸರಪಳಿ ಸುತ್ತಿ ಚಾಸಿಗೆ ಬಿಗಿದು, ಸ್ಪ್ರಿಂಗ್ ಒತ್ತಿಹಿಡಿಯುವ ಕಂಪ್ರೆಸರ್ ಹಾಕಿ ಕೆಲಸ ಮಾಡಿದೆವು.

ಬಾಲ್ ಜಾಯಿಂಟಿನ ಸ್ಟಡ್ (ಕಡ್ಡಿ) ತುದಿಯ ಕಡೆಗೆ ಸಣ್ಣಗಾಗುತ್ತದೆ; ಆ ಟೇಪರ್ ನಕಲಿನ ಕಣ್ಣಿನಲ್ಲಿ (ತೂತಿನಲ್ಲಿ) ಕಚ್ಚಿಕೊಂಡಿರುತ್ತದೆ. ಅದನ್ನು ಬಿಡಿಸಲು ಕವಲಿನ ಉಳಿ ಬಡಿಯಲಿಲ್ಲ. ನಟ್ಟನ್ನು ಕೆಲವು ಸುತ್ತು ಸಡಿಲಿಸಿ ಸ್ಟಡ್ ಮೇಲೆಯೇ ಬಿಟ್ಟು, ನಕಲಿನ ಕಣ್ಣಿಗೆ ಒಂದು ಬದಿ ಭಾರದ ಸುತ್ತಿಗೆ ಆನಿಸಿ, ಎದುರು ಬದಿ ಇನ್ನೊಂದರಿಂದ ಹೊಡೆದರೆ ಠಪ್ಪನೆ ಬಿಡುತ್ತದೆ. ಜಾಯಿಂಟನ್ನು ಮುಚ್ಚಿರುವ ರಬ್ಬರ್ ಬೂಟೂ ಹರಿಯುವುದಿಲ್ಲ.

ಇನ್ನು ಅಳತೆ. ಹಳೆಯ ಜಾಯಿಂಟಿನ ಪ್ರೆಸ್ ಆಗುವ ಭಾಗದ ವ್ಯಾಸ, ಸ್ಟಡ್ ಉದ್ದ, ಟೇಪರಿನ ದಪ್ಪ ತುದಿ ಮತ್ತು ಸಣ್ಣ ತುದಿ, ಚೂಡಿ (ನಟ್ ಕೂರುವ ಥ್ರೆಡ್), ಎಲ್ಲವನ್ನೂ ವರ್ನಿಯರ್‌ನಿಂದ ಅಳೆದು ಬರೆದುಕೊಂಡು ನಾನಾ ಪೇಠದಲ್ಲಿ ಒಂದೊಂದೇ ಡಬ್ಬಿ ತೆಗೆಸಿ ನೋಡಿದೆ. ಹೊಂದುವಂತೆ ಕಂಡದ್ದರ ಟೇಪರಿಗೆ ತೆಳ್ಳಗೆ ಮಾರ್ಕಿಂಗ್ ಬ್ಲೂ (ಎಲ್ಲೆಲ್ಲಿ ತಾಗಿದೆ ಎಂದು ತೋರಿಸುವ ನೀಲಿ) ಹಚ್ಚಿ, ನಕಲಿನಲ್ಲಿ ಕೂರಿಸಿ ಸ್ವಲ್ಪ ತಿರುಗಿಸಿ ಹೊರತೆಗೆಯಬೇಕು. ನೀಲಿ ಒಂದೇ ತುದಿಯಲ್ಲಿ ಉಂಗುರದಂತೆ ಅಂಟಿದರೆ ಆ ಜಾಯಿಂಟ್ ಬೇಡವೇ ಬೇಡ. ನಟ್ ಎಷ್ಟು ಬಿಗಿದರೂ ಸ್ಟಡ್ ಒಳಗೆ ಕದಲುತ್ತದೆ, ಕೊನೆಗೆ ಕುತ್ತಿಗೆಯಲ್ಲಿ ಮುರಿಯುತ್ತದೆ. ಉದ್ದಕ್ಕೂ ಸಮವಾಗಿ ಅಂಟಿದ್ದನ್ನೇ ತೆಗೆದುಕೊಂಡೆ. ನಟ್ ಬಿಗಿದಾಗ, ಅದು ಸಡಿಲವಾಗದಂತೆ ತಡೆಯುವ ಸ್ಪ್ಲಿಟ್ ಪಿನ್ನಿನ ತೂತು ನಟ್ಟಿನ ಕಚ್ಚಿನ ಎದುರಿಗೇ ಬರುತ್ತದೆಯೇ ಎಂದೂ ನೋಡಿದೆ.

ಹಳೆಯದನ್ನು ಒತ್ತಿ ತೆಗೆದು ಹೊಸದನ್ನು ಕೂರಿಸಿದ್ದು ಕಾಕಾ ಅವರ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ. ಅಂಚಿನ ಮೇಲೆ ಮಾತ್ರ ಒತ್ತಡ ಬೀಳುವಂತೆ ಪೈಪಿನ ತುಂಡು ಇಟ್ಟರು.

ತಗ್ಗಿಸಿದ ಗಾಡಿಗಳಲ್ಲಿ ಹೆಚ್ಚಿನವರು ಬಿಟ್ಟುಬಿಡುವ ಪರೀಕ್ಷೆ ಒಂದಿದೆ. ಸ್ಪ್ರಿಂಗ್ ಇಲ್ಲದೆ ಎಲ್ಲ ಜೋಡಿಸಿ, ಜಾಕ್‌ನಿಂದ ಆರ್ಮನ್ನು ಮೇಲಿನ ಸ್ಟಾಪಿನಿಂದ ಕೆಳಗಿನ ಸ್ಟಾಪಿನವರೆಗೆ ನಿಧಾನ ಆಡಿಸಿ, ಪ್ರತಿ ಎತ್ತರದಲ್ಲೂ ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಬೇಕು. ಗಾಡಿ ತಗ್ಗಿದಷ್ಟೂ ಸ್ಟಡ್ ಒಂದು ಕಡೆಗೆ ವಾಲಿಯೇ ನಿಂತಿರುತ್ತದೆ. ಗುಂಡಿಯಲ್ಲಿ ಚಕ್ರ ಮೇಲೆದ್ದಾಗ ಅದು ಜಾಯಿಂಟಿನ ಬಟ್ಟಲಿನ ಅಂಚಿಗೆ ತಾಗಿದರೆ ಹೊಸ ಜಾಯಿಂಟೂ ಬಾಳುವುದಿಲ್ಲ. ನನ್ನದರಲ್ಲಿ ಮೇಲಿನ ಜಾಯಿಂಟ್ ತಾಗುತ್ತಿತ್ತು. ಹಳೆಯ ಬೂಟ್ ಹರಿದ ಕಾರಣ ಆಗ ತಿಳಿಯಿತು. ಅದಕ್ಕೇ ಸ್ವಲ್ಪ ಎತ್ತರದ ಸ್ಪ್ರಿಂಗ್ ಹಾಕಿಸಿದೆ. ನೋಟ ಕೊಂಚ ಹೋಯಿತು, ಆ ಬಗ್ಗೆ ನನಗೆ ಬೇಸರವಿಲ್ಲ.

ಟೇಪರಿಗೆ ಗ್ರೀಸ್ ಹಚ್ಚದೆ, ಒಣಗಿಸಿ ಒರೆಸಿ ಕೂರಿಸಿದೆ. ಜಾಯಿಂಟ್ ತಯಾರಕರು ಹೇಳಿದ ಟಾರ್ಕಿಗೆ (ತಿರುಗಿಸಿ ಬಿಗಿಯುವ ಬಲಕ್ಕೆ) ಬಿಗಿದ ಮೇಲೆ ಪಿನ್ ತೂತು ಹೊಂದದಿದ್ದಲ್ಲಿ ಇನ್ನಷ್ಟು ಬಿಗಿದೇ ಹೊಂದಿಸಿದೆ, ಹಿಂದಕ್ಕೆ ಸಡಿಲಿಸಲಿಲ್ಲ. ಪಿನ್ ಹೊಸದೇ. ಆರ್ಮ್ ಚಾಸಿಗೆ ಸೇರುವಲ್ಲಿನ ರಬ್ಬರ್ ಬುಶ್‌ಗಳ ಬೋಲ್ಟನ್ನು ಮಾತ್ರ ಗಾಡಿ ನಾಲ್ಕು ಚಕ್ರದ ಮೇಲೆ ನಿಂತ ನಂತರ ಬಿಗಿದೆ. ತೂಗುತ್ತಿರುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ.

ನಟ್‌ಗಳಿಗೆ ಬಿಳಿ ಬಣ್ಣದ ಗೆರೆ ಎಳೆದು ಅಲೈನ್‌ಮೆಂಟಿಗೆ ಒಯ್ದೆ. ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರದ ವಾಲಿಕೆ) ಎರಡೂ ಕಡೆ ಸಮಕ್ಕೆ ಬಂತು, ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂತುದಿ ಒಳಗೋ ಹೊರಗೋ ತಿರುಗಿರುವುದು) ಹೊಂದಿಸಿಕೊಂಡೆ. ಮತ್ತೆ ಘಾಟ್ ಹತ್ತಿಸಿ ಇಳಿಸಿ ಬಂದು ಕೆಳಗೆ ಮಲಗಿ ನೋಡಿದರೆ ಗೆರೆಗಳು ಕದಲಿರಲಿಲ್ಲ. ಸ್ಟೇರಿಂಗ್‌ನಿಂದ ಚಕ್ರವನ್ನು ತಿರುಗಿಸುವ ಬಲಗಡೆಯ ಟೈ ರಾಡ್ ತುದಿಯಲ್ಲಿ ಸಣ್ಣ ಪ್ಲೇ ಇದೆ, ಅದರ ಟೇಪರ್ ಅಳತೆ ಈಗಾಗಲೇ ಬರೆದುಕೊಂಡಿದ್ದೇನೆ.